ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುತ್ತದಾ? ಮನೆಯಲ್ಲೇ ಪರೀಕ್ಷಿಸಿಕೊಳ್ಳುವುದು ಹೀಗೆ

"ಬಿಪಿ ನೋಡಿಸಿದೆ, ನಾರ್ಮಲ್ ಅಂದರು. ಆದರೂ ಹಾಸಿಗೆಯಿಂದ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಯಾಕೆ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. 70 ದಾಟಿದ ಅಪ್ಪನ ಬಗ್ಗೆ ಮಗಳು ಕೇಳುತ್ತಾರೆ. ಪಿಯುಸಿ ಓದುವ ಹುಡುಗ ಕೇಳುತ್ತಾನೆ. ಸಕ್ಕರೆ ಕಾಯಿಲೆ ಇರುವವರು ಕೇಳುತ್ತಾರೆ. ಉತ್ತರದ ಮೊದಲ ಸಾಲು ಎಲ್ಲರಿಗೂ ಒಂದೇ. ನಿಮ್ಮ ಬಿಪಿ ನೋಡಿದ್ದು ಕೂತಾಗ, ತೊಂದರೆ ಆಗುವುದು ನಿಂತಾಗ. ನಿಂತು ನೋಡದೆ ನಾರ್ಮಲ್ ಅನ್ನುವ ಹಾಗಿಲ್ಲ.

ನಮ್ಮ ಕಡೆ ಇದಕ್ಕೆ "ಪಿತ್ತ ಜಾಸ್ತಿ ಆಗಿದೆ" ಅಂತ ಹೇಳಿ ಉಪ್ಪು ಹಾಕಿದ ನಿಂಬೆ ಶರಬತ್ತು ಕೊಡುವ ರೂಢಿ ಇದೆ. ಶರಬತ್ತು ಕುಡಿದರೆ ಎಷ್ಟೋ ಜನಕ್ಕೆ ಸ್ವಲ್ಪ ಹಾಯೆನಿಸುವುದು ನಿಜ. ನೀರು, ಉಪ್ಪು ಎರಡೂ ಮೈಗೆ ಸೇರಿತಲ್ಲ, ಅದಕ್ಕೆ. ಆದರೆ ಪಿತ್ತ ಅಂತ ಸುಮ್ಮನಾದರೆ ಅಸಲಿ ಕಾರಣ ಒಳಗೇ ಉಳಿದುಬಿಡುತ್ತದೆ.

ಹಂತ ಹಂತವಾಗಿ ನೋಡೋಣ. ಮೊದಲು ಒಳಗೆ ಏನು ನಡೆಯುತ್ತದೆ ಅಂತ ತಿಳಿದಿದ್ದರೆ ಮುಂದಿನದು ಸುಲಭ.

ಎದ್ದು ನಿಂತಾಗ ಒಳಗೆ ನಡೆಯುವುದು

ಮಲಗಿದ್ದಾಗ ತಲೆ, ಎದೆ, ಕಾಲು ಎಲ್ಲ ಒಂದೇ ಮಟ್ಟದಲ್ಲಿರುತ್ತವೆ. ಎದ್ದು ನಿಂತ ಕೂಡಲೇ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಕಾಲಿಗೂ ಹೊಟ್ಟೆಗೂ ಇಳಿಯುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ, ಒತ್ತಡ ಬೀಳುತ್ತದೆ. ಮೆದುಳು ಈಗ ಹೃದಯಕ್ಕಿಂತ ಹೆಚ್ಚುಕಡಿಮೆ ಒಂದು ಅಡಿ ಮೇಲಿದೆ. ಅಲ್ಲಿಗೆ ರಕ್ತ ಏರಬೇಕು.

ಈ ಇಳಿತವನ್ನು ಮೊದಲು ಪತ್ತೆ ಹಚ್ಚುವುದು ಕುತ್ತಿಗೆ. ದವಡೆಯ ಮೂಲೆಗಿಂತ ಸ್ವಲ್ಪ ಕೆಳಗೆ, ಮಿಡಿಯುವ ದೊಡ್ಡ ರಕ್ತನಾಳ ಎರಡಾಗಿ ಒಡೆಯುವ ಜಾಗದಲ್ಲಿ, ಗೋಡೆಯ ಎಳೆತವನ್ನು ಅಳೆಯುವ ನರದ ತುದಿಗಳಿವೆ. ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲೂ ಇವೆ. ಇವಕ್ಕೆ ಬ್ಯಾರೋರಿಸೆಪ್ಟರ್ ಎನ್ನುತ್ತಾರೆ, ಅಂದರೆ ಒತ್ತಡ ಗುರುತಿಸುವ ತುದಿಗಳು. ಎಳೆತ ಕಡಿಮೆ ಆಯಿತು ಅಂತ ಇವು ಮೆದುಳಿನ ಬುಡಕ್ಕೆ ಸುದ್ದಿ ಕಳಿಸುತ್ತವೆ. ಅಲ್ಲಿಂದ ಎರಡು ಅಪ್ಪಣೆ ಹೊರಡುತ್ತವೆ: ಹೃದಯಕ್ಕೆ "ಬೇಗ ಬೇಗ ಬಡಿ", ರಕ್ತನಾಳಗಳಿಗೆ "ಬಿಗಿಯಾಗು".

ಹೃದಯ ಒಂದೆರಡು ಬಡಿತದಲ್ಲೇ ಚುರುಕಾಗುತ್ತದೆ. ರಕ್ತನಾಳ ಬಿಗಿಯಾಗಲು ಕೆಲವು ಸೆಕೆಂಡು ಬೇಕು. ಇದನ್ನು ನೀವೇ ಮುಟ್ಟಿ ನೋಡಬಹುದು. ಮಣಿಕಟ್ಟಿನಲ್ಲಿ ನಾಡಿ ಹಿಡಿದು ಐದು ನಿಮಿಷ ಮಲಗಿ. ಆಮೇಲೆ ನಾಡಿ ಬಿಡದೆ ಎದ್ದು ನಿಂತು ಬಡಿತ ಎಣಿಸಿ. ಆರೋಗ್ಯವಂತರಲ್ಲಿ ಸುಮಾರು 15ನೇ ಬಡಿತದ ಹೊತ್ತಿಗೆ ನಾಡಿ ದಡದಡ ಓಡುತ್ತಿರುತ್ತದೆ. 30ರ ಸುಮಾರಿಗೆ ಅದೇ ನಾಡಿ ನಿಧಾನವಾಗುವುದು ಬೆರಳಿಗೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ರಕ್ತನಾಳಗಳು ಬಿಗಿಯಾಗಿ ಒತ್ತಡ ಮರಳಿ ಬಂದಿರುತ್ತದೆ. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟಿದೆಯಾ ಅಂತ ನೋಡಲು ಡಾಕ್ಟರುಗಳು ಇಸಿಜಿ ಹಾಕಿ ಎಣಿಸುವುದೂ ಇದೇ 15 ಮತ್ತು 30ನೇ ಬಡಿತವನ್ನೇ.

ಒಂದು ಎಚ್ಚರಿಕೆ. ಕುತ್ತಿಗೆಯ ಆ ಜಾಗವನ್ನು ಒತ್ತಿ ನೋಡಬೇಡಿ, ಅದರಲ್ಲೂ ಎರಡೂ ಕಡೆ ಒಟ್ಟಿಗೆ ಬೇಡವೇ ಬೇಡ. ಒತ್ತಡ ಜಾಸ್ತಿಯಾಗಿದೆ ಅಂತ ತಿಳಿದು ದೇಹ ಹೃದಯವನ್ನು ನಿಧಾನ ಮಾಡಿಬಿಡಬಹುದು.

1. ಯಾವ ತಲೆಸುತ್ತು ಅಂತ ಮೊದಲು ಗುರುತಿಸಿ

ನಾವು ಎಲ್ಲಕ್ಕೂ ತಲೆಸುತ್ತು ಅಂದುಬಿಡುತ್ತೇವೆ. ಅದರಲ್ಲಿ ಮೂರು ಬೇರೆ ಬೇರೆ ತೊಂದರೆ ಸೇರಿಕೊಂಡಿವೆ.

ಎದ್ದ ಕೆಲವು ಸೆಕೆಂಡಿಗೆ ಕಣ್ಣು ಮಂಜಾಗಿ ಕತ್ತಲೆ ಕಟ್ಟುವುದು, ಬವಳಿ ಬಂದ ಹಾಗಾಗುವುದು, ಕೂತರೆ ಸರಿಹೋಗುವುದು ಒಂದು. ಕೆಲವರಿಗೆ ಹಿಂಗುತ್ತಿಗೆಯಿಂದ ಭುಜದವರೆಗೆ ನೋವೂ ಬರುತ್ತದೆ. ಇದು ಒತ್ತಡದ ತೊಂದರೆ, ಈ ಲೇಖನ ಇದರ ಬಗ್ಗೆಯೇ.

ಮಲಗಿದ್ದಲ್ಲೇ ಮಗ್ಗುಲು ಬದಲಿಸಿದರೂ ಮನೆ ಗರಗರ ತಿರುಗಿದರೆ, ಅದು ಸಾಮಾನ್ಯವಾಗಿ ಕಿವಿಯ ತೊಂದರೆ. ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿವೆ. ಅವು ಜಾಗ ಬಿಟ್ಟು ಅಲ್ಲಿನ ಅರೆಸುತ್ತು ಕೊಳವೆಯೊಳಗೆ ಹೋದರೆ, ತಲೆ ಸ್ವಲ್ಪ ಅಲುಗಿದರೂ ಮೆದುಳಿಗೆ ತಪ್ಪು ಸುದ್ದಿ ಹೋಗುತ್ತದೆ. ಸುತ್ತು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಕಿವಿ ಡಾಕ್ಟರು ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ವಾಪಸ್ ಕಳಿಸುತ್ತಾರೆ. ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗಿದರೆ ಹರಳು ಜಾಗಕ್ಕೆ ಹೋಗುವುದಿಲ್ಲ.

ಮೂರನೆಯದು ಓಲಾಟ. ತಲೆ ಸರಿಯಾಗೇ ಇರುತ್ತದೆ, ಕಾಲು ಹಿಡಿತ ತಪ್ಪುತ್ತದೆ. ಕತ್ತಲಲ್ಲಿ ನಡೆಯುವಾಗ, ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಜಾಸ್ತಿ. ಪಾದದಿಂದ ಬರಬೇಕಾದ ಸುದ್ದಿ ಬರುತ್ತಿಲ್ಲ ಅಂತ ಇದರ ಅರ್ಥ. ಹಳೆಯ ಸಕ್ಕರೆ ಕಾಯಿಲೆ, ಬಿ12 ಕೊರತೆ ಇರುವವರು ಇದನ್ನು ನಿರ್ಲಕ್ಷಿಸಬಾರದು.

ಒಬ್ಬರಿಗೇ ಎರಡು ಮೂರು ಒಟ್ಟಿಗೆ ಇರಬಹುದು, ವಯಸ್ಸಾದವರಲ್ಲಿ ಜಾಸ್ತಿ.

2. ಬೇಕಾದ ಸಾಮಾನು

ತೋಳಿಗೆ ಕಟ್ಟುವ ಬಿಪಿ ಮೆಷಿನ್ (ಮಣಿಕಟ್ಟಿನದು ಇದಕ್ಕೆ ಬೇಡ), ಗಡಿಯಾರ, ಪುಸ್ತಕ, ಪೆನ್ನು. ಪಟ್ಟಿ ನಿಮ್ಮ ತೋಳಿನ ಸುತ್ತಳತೆಗೆ ಸರಿಹೊಂದಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾಗಿ ಪಕ್ಕದಲ್ಲಿ ಇನ್ನೊಬ್ಬರು ಇರಬೇಕು. ತಲೆಸುತ್ತಿ ಬೀಳುವ ಸಾಧ್ಯತೆ ಇರುವ ಪರೀಕ್ಷೆ ಇದು. ಒಬ್ಬರೇ ಮಾಡಬೇಡಿ.

3. ಮಲಗಿ ಒಮ್ಮೆ, ನಿಂತು ಎರಡು ಸಲ

ಬೆಳಿಗ್ಗೆ ಎದ್ದ ಹೊತ್ತು ಒಳ್ಳೆಯದು, ತೊಂದರೆ ಆಗ ಸಿಕ್ಕಿಬೀಳುತ್ತದೆ. ಮೂತ್ರಕ್ಕೆ ಹೋಗಿ ಬನ್ನಿ. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಟೀ, ಬೀಡಿ, ಸಿಗರೇಟು ಬೇಡ. ಅಂಗಿಯ ತೋಳಿನ ಮೇಲೆ ಪಟ್ಟಿ ಕಟ್ಟಬೇಡಿ.

ಮಂಚದ ಮೇಲೆ ಐದು ನಿಮಿಷ ಅಂಗಾತ ಮಲಗಿ. ಮಾತು ಬೇಡ, ಮೊಬೈಲ್ ಬೇಡ. ಐದು ನಿಮಿಷ ಆದ ಮೇಲೆ ಅಳೆದು ಮೇಲಿನ ಅಂಕಿ, ಕೆಳಗಿನ ಅಂಕಿ, ನಾಡಿ ಮೂರನ್ನೂ ಬರೆಯಿರಿ.

ಪಟ್ಟಿ ಬಿಚ್ಚದೆ ಎದ್ದು ನಿಲ್ಲಿ. ನಿಂತ ಕ್ಷಣದಿಂದ ಗಡಿಯಾರ ನೋಡಿ. 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಇನ್ನೊಮ್ಮೆ ಅಳೆಯಿರಿ. ನಿಂತಿರುವಾಗ ಏನನ್ನಿಸಿತು ಅನ್ನುವುದನ್ನೂ ಬರೆದಿಡಿ: ಕಣ್ಣು ಮಂಜು, ಬೆವರು, ಎದೆ ಡವಡವ, ಏನಾದರೂ ಸರಿ. ತಡೆಯಲಾಗದಿದ್ದರೆ ಪರೀಕ್ಷೆ ಬಿಟ್ಟು ತಕ್ಷಣ ಕೂತುಬಿಡಿ. ಎಷ್ಟನೇ ನಿಮಿಷಕ್ಕೆ ಕೂತಿರಿ ಎಂಬುದೂ ಡಾಕ್ಟರಿಗೆ ಉಪಯೋಗದ ಮಾಹಿತಿಯೇ.

ಎಲ್ಲರೂ ತಪ್ಪುವುದು ಕೈ ಇಡುವ ವಿಚಾರದಲ್ಲಿ. ನಿಂತಾಗ ಕೈ ಕೆಳಗೆ ಇಳಿಬಿಟ್ಟರೆ ಪಟ್ಟಿ ಹೃದಯಕ್ಕಿಂತ ಕೆಳಗೆ ಹೋಗುತ್ತದೆ. 10 ಸೆಂಟಿಮೀಟರ್ ಕೆಳಗೆ ಹೋದರೆ ಅಂಕಿ ಸುಮಾರು 7–8 ಜಾಸ್ತಿ ಬರುತ್ತದೆ. ನಮ್ಮ ಅಮ್ಮನಿಗೆ ಮೊದಲ ದಿನ ಹೀಗೇ ಅಳೆದೆವು. ಮಲಗಿದ್ದಾಗ 136, ನಿಂತಾಗ 118. "18 ತಾನೇ, ಪರವಾಗಿಲ್ಲ" ಅಂದುಕೊಂಡೆವು. ಮರುದಿನ ಕೈಯನ್ನು ಬೀರುವಿನ ಅಂಚಿನ ಮೇಲೆ ಎದೆಮಟ್ಟಕ್ಕೆ ಇಟ್ಟು ನೋಡಿದರೆ 108. ಹಿಂದಿನ ದಿನ ತೊಂದರೆ ಕಣ್ಣೆದುರಿಗೇ ಇತ್ತು, ನೇತಾಡುವ ಕೈ ಅದನ್ನು ಮುಚ್ಚಿಹಾಕಿತ್ತು. ಆದ್ದರಿಂದ ಕೈಯನ್ನು ಎದೆಮಟ್ಟದಲ್ಲಿ ಯಾವುದಾದರೂ ಆಸರೆಯ ಮೇಲೆ ಇಡಿ. ಪಕ್ಕದವರು ಹಿಡಿದುಕೊಂಡರೂ ಆಯಿತು. ನೀವೇ ಎತ್ತಿ ಹಿಡಿದರೆ ತೋಳು ಬಿಗಿಯಾಗಿ ಅಂಕಿ ಕೆಡುತ್ತದೆ.

ಒಂದು ದಿನದ ಲೆಕ್ಕ ಸಾಲದು. ಮೂರು ನಾಲ್ಕು ದಿನ ಬೆಳಿಗ್ಗೆ, ಒಂದೆರಡು ದಿನ ಮಧ್ಯಾಹ್ನದ ಊಟ ಆಗಿ ಒಂದು ಗಂಟೆಗೆ ಮಾಡಿ.

4. ಅಂಕಿ ಓದುವುದು

ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ, ಇಲ್ಲವೇ ಕೆಳಗಿನ ಅಂಕಿ 10 ಅಥವಾ ಜಾಸ್ತಿ ಇಳಿದರೆ, ಅದಕ್ಕೆ ಆರ್ಥೋಸ್ಟಾಟಿಕ್ ಹೈಪೊಟೆನ್ಷನ್ ಎನ್ನುತ್ತಾರೆ. ಹೆಸರು ದೊಡ್ಡದು, ಅರ್ಥ "ನಿಂತಾಗ ಬಿಪಿ ಬೀಳುವುದು" ಅಷ್ಟೇ. ಮಲಗಿದ್ದಾಗಲೇ ಬಿಪಿ ತುಂಬಾ ಜಾಸ್ತಿ ಇರುವವರಿಗೆ ಮೇಲಿನ ಅಂಕಿ 30 ಇಳಿಯಿತಾ ಅಂತ ನೋಡುತ್ತಾರೆ.

ನಾಡಿಯ ಅಂಕಿ ಕಾರಣದ ಸುಳಿವು ಕೊಡುತ್ತದೆ. ಬಿಪಿ ಬಿದ್ದು ನಾಡಿ ಚೆನ್ನಾಗಿ ಏರಿದರೆ, ಅಳೆಯುವ ನರಗಳು ಕೆಲಸ ಮಾಡುತ್ತಿವೆ, ಆದರೆ ಮೈಯಲ್ಲಿ ನೀರೋ ರಕ್ತವೋ ಕಡಿಮೆ ಇರಬಹುದು. ಬಿಪಿ 30 ಬಿದ್ದರೂ ನಾಡಿ 15 ಕೂಡ ಏರದಿದ್ದರೆ, ಸುದ್ದಿ ಸಾಗಿಸುವ ನರಗಳಲ್ಲೇ ತೊಂದರೆ ಇರಬಹುದು. ಹಳೆಯ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೀಗಾಗುತ್ತದೆ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಗೊಳ್ಳುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಆ ಮಾತ್ರೆಗಳೇ ನಾಡಿಯನ್ನು ತಡೆಯುತ್ತವೆ.

ಬಿಪಿ ಬೀಳದೆ ನಾಡಿ ಮಾತ್ರ 30ಕ್ಕಿಂತ ಜಾಸ್ತಿ ಏರಿ 10 ನಿಮಿಷ ನಿಂತರೂ ಇಳಿಯದೆ ಇದ್ದರೆ ಅದು ಬೇರೆ ವಿಷಯ. ಹದಿಹರೆಯದವರಲ್ಲಿ 40ರ ಏರಿಕೆ ಲೆಕ್ಕಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಹೀಗೇ ಇದ್ದರೆ ಅದಕ್ಕೂ ಡಾಕ್ಟರನ್ನು ಕಾಣಬೇಕು.

ಇನ್ನು ಪಿಯುಸಿ ಹುಡುಗನ ಪ್ರಶ್ನೆ. ಉದ್ದಕ್ಕೆ ಸಣಕಲಾಗಿ ಬೆಳೆದ ಹುಡುಗ ಹುಡುಗಿಯರಿಗೆ ನಿಂತ ಮೊದಲ 15 ಸೆಕೆಂಡಿನಲ್ಲೇ ಒತ್ತಡ ಧಡಕ್ಕನೆ ಬಿದ್ದು ಅರ್ಧ ನಿಮಿಷದೊಳಗೆ ಸರಿಹೋಗುತ್ತದೆ. ಮನೆಯ ಮೆಷಿನ್ ಗಾಳಿ ತುಂಬಿ ಬಿಡುವಷ್ಟರಲ್ಲಿ ಅದು ಮುಗಿದೇ ಹೋಗಿರುತ್ತದೆ. ಹಾಗಾಗಿ ಅಂಕಿ ಸರಿ ಇದ್ದರೂ ಅವರು ಹೇಳುವುದು ಸುಳ್ಳಲ್ಲ. "ಓದು ತಪ್ಪಿಸಿಕೊಳ್ಳೋಕೆ ನಾಟಕ" ಅಂತ ಗದರಬೇಡಿ. 6ನೇ ಹಂತದಲ್ಲಿ ಹೇಳಿದ್ದನ್ನು ಕಲಿಸಿಕೊಡಿ.

5. ಮಾತ್ರೆ ಡಬ್ಬಿ ತೆಗೆದು ನೋಡಿ

ವಯಸ್ಸಾದವರಲ್ಲಿ ಕಾರಣ ಎಷ್ಟೋ ಸಲ ಇಲ್ಲೇ ಸಿಗುತ್ತದೆ. ಒಬ್ಬ ಡಾಕ್ಟರು ಬಿಪಿಗೆ ಕೊಟ್ಟಿರುತ್ತಾರೆ, ಇನ್ನೊಬ್ಬರು ಪ್ರಾಸ್ಟೇಟಿಗೆ, ಮತ್ತೊಬ್ಬರು ನಿದ್ದೆಗೆ. ಮೂರೂ ಸೇರಿ ನಿಂತಾಗ ಬಿಪಿಯನ್ನು ಕೆಡವುತ್ತವೆ. ಈ ಹೆಸರುಗಳಿವೆಯಾ ನೋಡಿ: ಮೂತ್ರ ಕಟ್ಟುವುದಕ್ಕೆ ಕೊಡುವ ಟ್ಯಾಮ್ಸುಲೋಸಿನ್, ಬಿಪಿಗೆ ಕೊಡುವ ಪ್ರಾಜೋಸಿನ್, ನೀರು ಇಳಿಸುವ ಫ್ಯೂರೋಸೆಮೈಡ್, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್, ನರನೋವು, ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್, ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ, ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ.

ದಯವಿಟ್ಟು ಯಾವುದನ್ನೂ ನೀವೇ ನಿಲ್ಲಿಸಬೇಡಿ. ಬಿಪಿ ಮಾತ್ರೆ ದಿಢೀರ್ ಬಿಟ್ಟು ಲಕ್ವಾ ಹೊಡೆಸಿಕೊಂಡರೆ ತಲೆಸುತ್ತಿಗಿಂತ ದೊಡ್ಡ ಅನಾಹುತ. ಹೊತ್ತು ಬದಲಿಸುವುದೋ, ಪ್ರಮಾಣ ಇಳಿಸುವುದೋ, ಬೇರೆ ಮಾತ್ರೆ ಕೊಡುವುದೋ ಡಾಕ್ಟರು ನಿರ್ಧರಿಸುತ್ತಾರೆ. ನಿಮ್ಮ ಕೆಲಸ ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಒಬ್ಬರ ಮುಂದೆ ಇಡುವುದು. ಆಯುರ್ವೇದದ್ದು, ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದದ್ದು, ಎಲ್ಲವೂ ಆ ಚೀಲದಲ್ಲಿರಲಿ.

ಹೊಸದಾಗಿ ಶುರುವಾದ ಕತ್ತಲೆಗೆ ಬೇರೆ ಕಾರಣಗಳೂ ಇವೆ. ವಾಂತಿ ಭೇದಿ, ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ, ರಕ್ತಹೀನತೆ, ವಾರಗಟ್ಟಲೆ ಹಾಸಿಗೆ ಹಿಡಿದದ್ದು. ಡೆಂಗಿ ಜ್ವರ ಬಂದವರು ವಿಶೇಷವಾಗಿ ಗಮನಿಸಿ. ಜ್ವರ ಬಿಟ್ಟಿತು ಅಂತ ನೆಮ್ಮದಿಯಾಗುವ ಹೊತ್ತಿನಲ್ಲೇ ರಕ್ತದ ನೀರಿನಂಶ ನಾಳಗಳಿಂದ ಹೊರಗೆ ಸೋರಬಹುದು. ಆಗ ಎದ್ದರೆ ತಲೆ ಸುತ್ತುವುದು, ಹೊಟ್ಟೆ ನೋವು, ಮತ್ತೆ ಮತ್ತೆ ವಾಂತಿ ಆದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

6. ಏಳುವ ಕ್ರಮ ಬದಲಿಸಿ

ದೇಹಕ್ಕೆ ಆ ಕೆಲವು ಸೆಕೆಂಡು ಕೊಡಬೇಕು. ಮಾತ್ರೆ ಇಲ್ಲದೆ ಮಾಡಬಹುದಾದ್ದರಲ್ಲಿ ಇದರಷ್ಟು ಕೆಲಸಕ್ಕೆ ಬರುವುದು ಇನ್ನೊಂದಿಲ್ಲ ಅಂತ ನನ್ನ ಅನುಭವ.

ಮಲಗಿದ್ದಲ್ಲೇ ಪಾದವನ್ನು 20 ಸಲ ಮೇಲೆ ಕೆಳಗೆ ಆಡಿಸಿ. ಮೀನಖಂಡ, ಅಂದರೆ ಮೊಣಕಾಲ ಕೆಳಗೆ ಹಿಂದಿರುವ ಮಾಂಸಖಂಡ, ಹಿಂಡಿದಾಗಲೆಲ್ಲ ಕಾಲಿನ ರಕ್ತ ಮೇಲಕ್ಕೆ ಹೋಗುತ್ತದೆ. ಮಗ್ಗುಲಿಗೆ ತಿರುಗಿ ಕೂತುಕೊಳ್ಳಿ. ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಹಾಗೇ ಇರಿ. ಆಮೇಲೆ ಮಂಚ ಹಿಡಿದು ನಿಲ್ಲಿ. ನಿಂತಲ್ಲೇ ಅರ್ಧ ನಿಮಿಷ ಇದ್ದು ಮೊದಲ ಹೆಜ್ಜೆ ಇಡಿ. ಫೋನ್ ಬಡಿದುಕೊಳ್ಳಲಿ, ಬಾಗಿಲು ತಟ್ಟಲಿ, ಓಡಬೇಡಿ.

ನೆಲದಿಂದ ಏಳುವುದು ಇನ್ನೂ ಕಷ್ಟ. ಪಂಕ್ತಿಯಲ್ಲಿ ಕೂತು ಹಬ್ಬದ ಊಟ ಮುಗಿಸಿ ಏಳುವಾಗ, ಪೂಜೆ ಮುಗಿಸಿ ಏಳುವಾಗ, ಗದ್ದೆಯಲ್ಲಿ ಬಗ್ಗಿ ಕಳೆ ಕಿತ್ತು ನೆಟ್ಟಗಾಗುವಾಗ, ಕುಕ್ಕರುಗಾಲಿನ ಪಾಯಖಾನೆಯಿಂದ ಏಳುವಾಗ. ಮೊದಲು ಮಂಡಿಯೂರಿ, ಆಸರೆ ಹಿಡಿದು, ಆಮೇಲೆ ನಿಲ್ಲಿ. ಮನೆಯಲ್ಲಿ ವಯಸ್ಸಾದವರಿದ್ದರೆ ಪಾಯಖಾನೆಯ ಗೋಡೆಗೆ ಒಂದು ಹಿಡಿ ಹಾಕಿಸಿ. ಗಂಡಸರು ರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಹೋದಾಗ ಕೂತೇ ಮೂತ್ರ ಮಾಡುವುದು ಒಳ್ಳೆಯದು. ಅಲ್ಲೇ ಬಿದ್ದು ತಲೆ ಒಡೆದುಕೊಂಡವರು ಎಷ್ಟೋ ಜನ ಇದ್ದಾರೆ.

ನಿಂತಾಗಲೇ ಕತ್ತಲೆ ಶುರುವಾದರೆ ಈ ಮೂರರಲ್ಲಿ ಯಾವುದಾದರೂ ತಕ್ಷಣ ಮಾಡಿ:

- ಆಸರೆ ಹಿಡಿದು ಒಂದು ಕಾಲನ್ನು ಇನ್ನೊಂದರ ಮುಂದೆ ಕತ್ತರಿ ಹಾಕಿ ನಿಂತು ತೊಡೆ, ಕುಂಡೆ, ಹೊಟ್ಟೆ ಬಿಗಿಹಿಡಿಯಿರಿ.
- ಎರಡೂ ಕೈಯ ಬೆರಳು ಕೊಂಡಿ ಹಾಕಿ ಜೋರಾಗಿ ಎರಡು ಕಡೆ ಎಳೆಯಿರಿ.
- ಆಗದಿದ್ದರೆ ಕುಕ್ಕರುಗಾಲಿನಲ್ಲಿ ಕೂತುಬಿಡಿ. ಇದು ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ವಾಪಸ್ ಏಳುವಾಗ ಮಾತ್ರ ಜೋಪಾನ.

ಬಿಗಿಹಿಡಿಯುವಾಗ ಉಸಿರು ಕಟ್ಟಬೇಡಿ, ಕಟ್ಟಿದರೆ ಉಲ್ಟಾ ಆಗುತ್ತದೆ. ಆಗಸ್ಟ್ 15ರ ಧ್ವಜವಂದನೆಯಲ್ಲಿ ಮಕ್ಕಳು ಬಿಸಿಲಿಗೆ ಅಲುಗಾಡದೆ ನಿಂತು ಕುಸಿಯುವುದನ್ನು ನೋಡಿದ್ದೀರಲ್ವಾ? ಮೀನಖಂಡ ಅಲುಗದಿದ್ದರೆ ರಕ್ತ ಕಾಲಲ್ಲೇ ಉಳಿಯುತ್ತದೆ. ಬೂಟಿನೊಳಗೆ ಕಾಲ್ಬೆರಳು ಆಡಿಸುತ್ತಾ, ಹಿಮ್ಮಡಿ ಸ್ವಲ್ಪ ಎತ್ತಿ ಇಳಿಸುತ್ತಾ ಇರಲು ಹೇಳಿಕೊಡಿ.

7. ನೀರು, ಉಪ್ಪು, ಊಟ, ಸ್ನಾನ

ಬೆಳಿಗ್ಗೆ ಹಾಸಿಗೆಯ ಮೇಲೆ ಕೂತೇ ಎರಡು ದೊಡ್ಡ ಲೋಟ, ಅಂದರೆ ಅರ್ಧ ಲೀಟರಿನಷ್ಟು ನೀರನ್ನು ನಾಲ್ಕೈದು ನಿಮಿಷದಲ್ಲಿ ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಏಳಿ. ನರದ ತೊಂದರೆಯಿಂದ ಬಿಪಿ ಬೀಳುವವರಿಗೆ ಇದು ಒಂದಷ್ಟು ಹೊತ್ತು ಒತ್ತಡ ಎತ್ತಿ ಹಿಡಿಯುತ್ತದೆ. ಹೃದಯ ಸೋತವರಿಗೆ, ಕಿಡ್ನಿ ಕಾಯಿಲೆಯವರಿಗೆ ನೀರಿನ ಮಿತಿ ಇರುತ್ತದೆ, ಅವರು ಕೇಳದೆ ಮಾಡಬಾರದು. ಉಪ್ಪಿಗೂ ಇದೇ ಮಾತು. ಆರೋಗ್ಯವಾಗಿರುವ ಹುಡುಗನಿಗೆ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು, ಬಿಪಿ ಇರುವ ಅಜ್ಜನಿಗೆ ಅದೇ ಅಪಾಯ.

ಉಂಡ ಮೇಲೆ ರಕ್ತ ಕರುಳಿನ ಕಡೆ ಹೋಗುತ್ತದೆ. ವಯಸ್ಸಾದವರಿಗೆ ಉಂಡ ಒಂದೆರಡು ಗಂಟೆಯಲ್ಲಿ ಬಿಪಿ ಜಾಸ್ತಿ ಬೀಳುತ್ತದೆ. ಒಂದೇ ಸಲ ತಟ್ಟೆ ತುಂಬ ಅನ್ನ ಬೇಡ, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಉಣ್ಣಲಿ.

ಸುಡುನೀರಿನ ಸ್ನಾನ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ದೀಪಾವಳಿಯ ಎಣ್ಣೆಸ್ನಾನದ ದಿನ ಹಂಡೆಯ ಬಿಸಿನೀರು, ಹಬೆ ತುಂಬಿದ ಬಚ್ಚಲು, ಖಾಲಿ ಹೊಟ್ಟೆ, ಜಾರುವ ನೆಲ ಎಲ್ಲ ಒಟ್ಟಿಗೆ ಸೇರುತ್ತವೆ. ಅಜ್ಜ ಅಜ್ಜಿಗೆ ಪ್ಲಾಸ್ಟಿಕ್ ಸ್ಟೂಲ್ ಹಾಕಿ, ನೀರು ಹದ ಮಾಡಿ ಕೊಡಿ. ಒಳಗಿಂದ ಚಿಲಕ ಹಾಕಿಕೊಳ್ಳಬೇಡಿ ಅಂತ ಹೇಳಿ.

ಮಲಗಿದಾಗ ಬಿಪಿ ಏರಿ, ನಿಂತಾಗ ಬೀಳುವವರು ಡಾಕ್ಟರನ್ನು ಕೇಳಿ ಮಂಚದ ತಲೆಭಾಗದ ಕಾಲುಗಳ ಕೆಳಗೆ 4ರಿಂದ 6 ಇಂಚು ಎತ್ತರದ ಗಟ್ಟಿ ಹಲಗೆ ಇಡಬಹುದು. ರಾತ್ರಿ ಮೂತ್ರದಲ್ಲಿ ಹೋಗುವ ನೀರು, ಉಪ್ಪು ಕಡಿಮೆಯಾಗುತ್ತದೆ. ಎರಡು ದಿಂಬು ಹಾಕಿದರೆ ಕುತ್ತಿಗೆ ಬಾಗುತ್ತದೆ ಅಷ್ಟೇ, ಪೂರ್ತಿ ಮೈ ಓರೆಯಾಗಬೇಕು.

ಬಿಗಿ ಕಾಲುಚೀಲ ಮೊಣಕಾಲಿನವರೆಗಿನದಾದರೆ ಹೆಚ್ಚು ಪ್ರಯೋಜನವಿಲ್ಲ. ರಕ್ತ ಹೊಟ್ಟೆಯಲ್ಲೂ ನಿಲ್ಲುವುದರಿಂದ ಸೊಂಟದವರೆಗೆ ಬರಬೇಕು, ಅಥವಾ ಹೊಟ್ಟೆಗೆ ಪಟ್ಟಿ ಕಟ್ಟಬೇಕು. ಮೈಸೂರು ಮೃಗಾಲಯದಲ್ಲಿ ಜಿರಾಫೆಯ ಕಾಲು ನೋಡಿ. ಅದರ ಬಿಪಿ ನಮ್ಮ ಎರಡರಷ್ಟು, ಆದರೂ ಕಾಲು ಊದುವುದಿಲ್ಲ. ಕಾಲಿನ ಚರ್ಮವೇ ಬಿಗಿ ಚೀಲದ ಹಾಗೆ ಹಿಡಿದಿದೆ.

8. ಯಾರಾದರೂ ಬಿದ್ದುಬಿಟ್ಟರೆ

ಎತ್ತಿ ಕೂರಿಸಬೇಡಿ. ನಾವು ಮೊದಲು ಮಾಡುವ ತಪ್ಪೇ ಇದು. ಮಲಗಿದರೆ ತಲೆಗೆ ರಕ್ತ ತಾನಾಗೇ ಹೋಗುತ್ತದೆ, ಕುರ್ಚಿಯಲ್ಲಿ ಕೂರಿಸಿದರೆ ಮತ್ತೆ ನಿಲ್ಲುತ್ತದೆ. ಅಂಗಾತ ಮಲಗಿಸಿ, ಕಾಲು ಒಂದು ಅಡಿ ಎತ್ತಿ, ಬಿಗಿ ಬಟ್ಟೆ ಸಡಿಲಿಸಿ, ಸುತ್ತ ನಿಂತವರನ್ನು ದೂರ ಕಳಿಸಿ. ಪೂರ್ತಿ ಎಚ್ಚರ ಆಗುವವರೆಗೆ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಯಾವುದೂ ಬೇಡ. ಉಸಿರಾಟ ಇಲ್ಲದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ, ಗೊತ್ತಿದ್ದವರು ಎದೆ ಒತ್ತಲು ಶುರು ಮಾಡಲಿ.

ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೂ 108ಕ್ಕೆ ಕರೆ ಮಾಡಿ. ಎದೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಡಾಂಬರಿನಂತೆ ಕಪ್ಪು ಮಲ, ತಲೆಗೆ ಪೆಟ್ಟು ಇದ್ದರೂ ಕಾಯಬೇಡಿ. ಮುಟ್ಟು ತಪ್ಪಿರುವ ಹೆಂಗಸು ಹೊಟ್ಟೆನೋವಿನ ಜೊತೆ ಬವಳಿ ಬಂದು ಬಿದ್ದರೆ ಅದು ತುರ್ತು ಪರಿಸ್ಥಿತಿ. ಮಲಗಿದ್ದಾಗಲೇ ಅಥವಾ ಓಡುವಾಗ, ಮೆಟ್ಟಿಲು ಹತ್ತುವಾಗ ಎಚ್ಚರ ತಪ್ಪಿದರೆ ಅದಕ್ಕೂ ಈ ಲೇಖನಕ್ಕೂ ಸಂಬಂಧವಿಲ್ಲ, ಹೃದಯ ಪರೀಕ್ಷೆ ಆಗಲೇಬೇಕು.

9. ಡಾಕ್ಟರ ಹತ್ತಿರ ಹೋಗುವಾಗ

ಬರೆದಿಟ್ಟ ಪುಸ್ತಕ, ಮಾತ್ರೆ ಚೀಲ, ಬಿಪಿ ಮೆಷಿನ್ ಮೂರೂ ತಗೊಂಡು ಹೋಗಿ. ನಿಮ್ಮ ಮೆಷಿನ್ನಿನ ಅಂಕಿ ಅವರದಕ್ಕೆ ತಾಳೆಯಾಗುತ್ತದಾ ಅಂತ ಅಲ್ಲೇ ನೋಡಿಬಿಡಬಹುದು. "ತಲೆಸುತ್ತು" ಅಂತ ಮಾತ್ರ ಹೇಳಬೇಡಿ. "ಎದ್ದ ಮೇಲೆ ಇಷ್ಟು ಸೆಕೆಂಡಿಗೆ ಕತ್ತಲೆ, ಕೂತರೆ ಸರಿ, ಮಲಗಿ ಇಷ್ಟು, ನಿಂತು ಇಷ್ಟು" ಅಂತ ಹೇಳಿ. ಕ್ಲಿನಿಕ್ಕಿನಲ್ಲಿ ಜನ ಜಾಸ್ತಿ ಇದ್ದು ಕೂರಿಸಿಯೇ ಅಳೆದರೆ, "ಒಂದು ಸಲ ನಿಲ್ಲಿಸಿ ನೋಡಿ ಡಾಕ್ಟ್ರೇ" ಅಂತ ಕೇಳಲು ಸಂಕೋಚ ಬೇಡ.

ಮಾತ್ರೆ ಬದಲಾಯಿಸಿಕೊಟ್ಟರೆ ಒಂದು ವಾರ ಬಿಟ್ಟು 3ನೇ ಹಂತವನ್ನು ಮತ್ತೆ ಮಾಡಿ, ಅದೇ ಪುಸ್ತಕದಲ್ಲಿ ಹಳೆಯ ಅಂಕಿಗಳ ಪಕ್ಕದಲ್ಲೇ ಹೊಸದನ್ನು ಬರೆಯಿರಿ.